ಬೆಲ್ಲ ಕೊಡಬೇಡ ಎಂದವನು ನಾನು

ನಾನು ನಿವೃತ್ತನಾದ ದಿನ ನನ್ನ ಜಾಗಕ್ಕೆ ಬಂದ ಹುಡುಗಿ, "ಸರ್, ನಿಮ್ಮ ಅನುಭವ ಎಲ್ಲಾ ಒಂದ ಕಡೆ ಬರದಿಡ್ರಿ, ನಮ್ಮಂಥಾವ್ರಿಗೆ ಉಪಯೋಗ ಆಗ್ತೈತಿ" ಎಂದಳು. ಶಾಲು ಹೊದಿಸಿ, ಹಾರ ಹಾಕಿ, ಬಾಯಿಗೆ ಫೇಡೆ ಇಟ್ಟ ಮೇಲೆ ಎಲ್ಲರೂ ಆಡುವ ಮಾತು ಅದು. ನಾನೂ ತಲೆಯಾಡಿಸಿದೆ. ಆದರೆ ಇವಳು ಬಿಡುವ ಪೈಕಿ ಅಲ್ಲ. ತಿಂಗಳಿಗೊಮ್ಮೆ ಫೋನು ಮಾಡಿ "ಬರದ್ರೇನ್ರಿ?" ಎನ್ನುತ್ತಾಳೆ. ತಗೋ ತಂಗಿ, ಬರೆದಿದ್ದೇನೆ. ಇದರಿಂದ ನಿನಗೆ ಉಪಯೋಗ ಆಗುತ್ತದೆಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ.

ಮೂವತ್ತನಾಲ್ಕು ವರ್ಷ ನರಗುಂದ, ಗಜೇಂದ್ರಗಡ, ರೋಣದ ಸುತ್ತಿನ ಸರ್ಕಾರಿ ದವಾಖಾನೆಗಳ ಕಿಟಕಿಯಲ್ಲಿ ಕೂತು ಗುಳಿಗೆ ಕೊಟ್ಟವನು ನಾನು. ಯಾವ ಘಟನೆ ಯಾವ ದವಾಖಾನೆಯದು ಎಂದು ಬಿಡಿಸಿ ಹೇಳುವುದಿಲ್ಲ. ಬಡ್ತಿ, ವರ್ಗಾವಣೆಯ ಪುರಾಣವೂ ಬೇಡ. ಕಾಗದದಲ್ಲಿ ನಾನು ಫಾರ್ಮಸಿಸ್ಟ್, ಜನರ ಬಾಯಲ್ಲಿ ಕಂಪೌಂಡರ್, ಬೆನ್ನ ಹಿಂದೆ 'ಬೈಯೋ ಕಂಪೌಂಡರ್'. ಈ ಮೂರನೆಯ ಹೆಸರು ಕಿವಿಗೆ ಬಿದ್ದಾಗ ನನಗೆ ಖುಷಿಯೇ ಆಗುತ್ತಿತ್ತು. ಈ ಜನಕ್ಕೆ ಮೆತ್ತಗೆ ಹೇಳಿದರೆ ತಲೆಗೆ ಹೋಗುವುದಿಲ್ಲ, ಬೈದರೆ ಕೇಳುತ್ತಾರೆ ಎಂದು ನಾನು ಖಂಡಿತವಾಗಿ ನಂಬಿದ್ದೆ. ಕೇಳುತ್ತಿದ್ದರು ಕೂಡ. ಅದೇ ಮುಂದೆ ಮುಳುವಾಯಿತು.

ನಾನು ಕೆಲಸಕ್ಕೆ ಸೇರಿದಾಗ ಕೆಂಪು ಔಷಧದ ದೊಡ್ಡ ಬಾಟಲಿ ಇರುತ್ತಿತ್ತು. ಜನ ಮನೆಯಿಂದ ಸೀಸೆ ತರುತ್ತಿದ್ದರು, ತರದವರು ಬೈಸಿಕೊಳ್ಳುತ್ತಿದ್ದರು. ಗುಳಿಗೆ ಅರೆದು ಪುಡಿ ಮಾಡಿ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತಿದ್ದೆವು. ಅದೇನು ಬಂಗಾರದ ಕಾಲವಲ್ಲ, ಅರ್ಧ ಔಷಧಕ್ಕೆ ಗುಣವೇ ಇರಲಿಲ್ಲ. ಆದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಒಬ್ಬರೇ ಡಾಕ್ಟರು, ಒಬ್ಬನೇ ಕಂಪೌಂಡರು. ಯಾರ ಹೊಟ್ಟೆಗೆ ಏನು ಹೋಗಿದೆ ಎಂಬುದು ನನಗೆ ಗೊತ್ತಿರುತ್ತಿತ್ತು. ಈಗ ಒಂದೇ ಮುದುಕಿಗೆ ಸಕ್ಕರೆ ಗುಳಿಗೆ ನಮ್ಮ ಕಿಟಕಿಯದು, ಮಂಡಿ ಗುಳಿಗೆ ಗಜೇಂದ್ರಗಡದ್ದು, ಎದೆ ಗುಳಿಗೆ ಹುಬ್ಬಳ್ಳಿಯದು, ನಿದ್ದೆ ಗುಳಿಗೆ ಪಕ್ಕದ ಮನೆಯವಳು ಕೊಟ್ಟದ್ದು. ಎಲ್ಲ ಸೇರುವುದು ಒಂದೇ ಹೊಟ್ಟೆಯಲ್ಲಿ. ಅಲ್ಲಿ ಅವು ಏನು ಜಗಳ ತೆಗೆಯುತ್ತವೆ ಎಂದು ನೋಡುವವರು ಯಾರೂ ಇಲ್ಲ.

ನರಗುಂದದಲ್ಲಿ ಒಬ್ಬ ನಿವೃತ್ತ ಮಾಸ್ತರಿದ್ದರು. ಓದು ಬಲ್ಲವರು, ಶಿಸ್ತಿನವರು, ಗುಳಿಗೆಗಳನ್ನು ಸ್ಟೀಲಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಟ್ಟುಕೊಂಡವರು. ಹುಬ್ಬಳ್ಳಿಯ ಡಾಕ್ಟರು ಬರೆದದ್ದು ಬಣ್ಣದ ಹಾಳೆಯ ಪಟ್ಟಿ, ನಾನು ಕೊಟ್ಟದ್ದು ಸರ್ಕಾರದ ಬಿಳಿ ಪಟ್ಟಿ. ಹೆಸರು ಬೇರೆ, ಒಳಗಿನ ಔಷಧ ಒಂದೇ. ಮೂರು ತಿಂಗಳು ಎರಡನ್ನೂ ನುಂಗಿದರು. ಒಂದು ಮುಂಜಾನೆ ಪೇಪರ್ ಓದುತ್ತ ಓದುತ್ತ ಕುರ್ಚಿಯಿಂದ ಜಾರಿ ಬಿದ್ದರು. ಸಕ್ಕರೆ ತೀರ ಇಳಿದಿತ್ತು, ದೇವರ ದಯೆಯಿಂದ ಉಳಿದರು. ಆಮೇಲೆ ನನ್ನ ಕಿಟಕಿಗೆ ಬಂದು, "ನಾ ಇಂಗ್ಲಿಷ್ ಕಲಿಸಿದಾಂವರೀ, ನನಗ ತಿಳೀಲಿಲ್ಲ ನೋಡ್ರಿ" ಎಂದು ನಾಚಿಕೊಂಡರು. ನಾನೂ ಮೂರು ತಿಂಗಳು ಅವರ ಡಬ್ಬಿ ಕೇಳಿರಲಿಲ್ಲ, ಅದಕ್ಕೆ ನನಗೆ ನಾಚಿಕೆ ಬರಲಿಲ್ಲ.

ಇನ್ನೊಬ್ಬ ಕೊಣ್ಣೂರ ಕಡೆಯ ಮುದುಕ. ಅವನ ಸಕ್ಕರೆ ಏನು ಮಾಡಿದರೂ ಇಳಿಯುತ್ತಿರಲಿಲ್ಲ. ಡಾಕ್ಟರು ಗುಳಿಗೆ ಏರಿಸುತ್ತ ಹೋದರು. ಒಂದು ದಿನ ಅವನ ಅಂಗಿಯ ಜೇಬಿನಲ್ಲಿ ಪೊಟ್ಟಣ ಕಂಡೆ. ಮಂಡಿ ನೋವಿಗೆ ಯಾರೋ ಸಂತೆಯಲ್ಲಿ ಕೊಟ್ಟ ಪುಡಿ, ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಅದು ನೋವನ್ನೂ ಕಳೆಯುತ್ತದೆ, ಸಕ್ಕರೆಯನ್ನೂ ಏರಿಸುತ್ತದೆ. ಪಾಳಿಯಲ್ಲಿ ನಿಂತ ಜನರೆದುರಿಗೇ ಅವನ ಮಾನ ಕಳೆದು, ಪುಡಿಯನ್ನು ಗಟಾರಕ್ಕೆ ಸುರಿದೆ. ಜನ ಭಲೇ ಎಂದರು. ಪುಡಿ ಹೋಯಿತು, ಆದರೆ ಪುಡಿಯ ಸಲುವಾಗಿ ಏರಿಸಿದ್ದ ಗುಳಿಗೆ ಹಾಗೇ ಉಳಿಯಿತು. ದಿನಾ ತಿನ್ನುವ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು ಎಂಬುದೂ ನನ್ನ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಎಂಟು ದಿನಕ್ಕೆ ಅವನು ಚಹಾದ ಅಂಗಡಿ ಮುಂದೆ ಕುಸಿದು ಬಿದ್ದ. ಅಂಗಡಿಯವನು ತಿಳಿದೋ ತಿಳಿಯದೆಯೋ ಸಕ್ಕರೆ ಜಾಸ್ತಿ ಹಾಕಿದ ಚಹಾ ಕುಡಿಸಿ ಬದುಕಿಸಿದ. ಇದರಿಂದ ನಾನು ಏನು ಕಲಿತೆ? ಮಣ್ಣು. "ಊಟ ಬಿಟ್ಟೀ ಏನೋ ಮುದಿಯಾ" ಎಂದು ಅವನಿಗೇ ಬೈದು ಕಳಿಸಿದೆ.

ಈಗ ಸವಡಿಯ ಬಸಲಿಂಗವ್ವನ ವಿಷಯ. ಇದನ್ನು ಬರೆಯಬೇಕೆಂದೇ ಉಳಿದದ್ದನ್ನೆಲ್ಲ ಬರೆದೆ.

ಬಸಲಿಂಗವ್ವ ಹನ್ನೊಂದು ವರ್ಷ ತಿಂಗಳಿಗೊಮ್ಮೆ ನನ್ನ ಕಿಟಕಿಗೆ ಬಂದವಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯಳು, ಬಾಯಿ ಜೋರು. ನನ್ನ ಬೈಗುಳಕ್ಕೆ ಹೆದರಿದಂತೆ ತೋರಿಸುತ್ತಿರಲಿಲ್ಲ. "ನಿನ್ನ ಹೇಂತಿ ನಿನ್ನ ಹ್ಯಾಂಗ ತಾಳ್ಯಾಳೋ ಯಪ್ಪಾ, ಆಕಿಗೊಂದ ಗುಳಿಗಿ ಕೊಡು ಮದಲ" ಎಂದು ಪಾಳಿಯನ್ನೆಲ್ಲ ನಗಿಸುತ್ತಿದ್ದಳು. ಅವಳಿಗೆ ಇದ್ದ ಒಂದೇ ಚಪಲ ಬೆಲ್ಲ. ಊಟವಾದ ಮೇಲೆ ಶೇಂಗಾದ ಜೊತೆ ಒಂದು ಹೆಂಟೆ ಬೆಲ್ಲ ಬಾಯಿಗೆ ಬೀಳದಿದ್ದರೆ ಊಟ ಆದಂತೆಯೇ ಅಲ್ಲ. ಸಕ್ಕರೆ ಬೇನೆ ಇಳಿಯದ್ದು ನೋಡಿ ಒಂದು ದಿನ ನನಗೆ ತಲೆ ಕೆಟ್ಟಿತು. ಜೊತೆಗೆ ಬಂದಿದ್ದ ಸೊಸೆ ರೇಣವ್ವನನ್ನು ಮುಂದೆ ಕರೆದೆ.

"ನೋಡ ತಂಗಿ, ಮನ್ಯಾಗ ಬೆಲ್ಲ ಎಲ್ಲೆ ಇಡ್ತಿ?"

"ಅಡಗಿ ಮನ್ಯಾಗ್ರಿ, ಡಬ್ಬ್ಯಾಗ."

"ಇವತ್ತಿಂದ ಕೀಲಿ ಹಾಕು. ಅತ್ತಿ ಅತ್ರೂ ಕೊಡಬ್ಯಾಡ, ಕಾಲ ಹಿಡದ್ರೂ ಕೊಡಬ್ಯಾಡ. ಕೊಟ್ಟೀ ಅಂದ್ರ ಆಕಿ ಕಾಲ ಕಡಸೂ ಪಾಪ ನಿನಗ. ಮಕ್ಕಳ ಆಣಿ ಮಾಡು."

ರೇಣವ್ವ ಮೆತ್ತನೆಯ ಹೆಣ್ಣುಮಗಳು. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು, "ಮಕ್ಕಳ ಆಣಿರೀ, ಕೊಡೂದಿಲ್ಲ" ಎಂದಳು. ಬಸಲಿಂಗವ್ವ, "ನಿನ್ನ ಮನಿ ಹಾಳಾಗ್ಲೋ ಕಂಪೌಂಡರಾ" ಎಂದು ನಕ್ಕಳು. ಇನ್ನೂ ಒಂದು ಮಾತು ಸೇರಿಸಿದೆ: ಆಕಾಶ ಕಳಚಿ ಬಿದ್ದರೂ ಒಂದು ದಿನವೂ ಗುಳಿಗೆ ತಪ್ಪಿಸಬಾರದು. ನಾಲ್ಕು ತಿಂಗಳಲ್ಲಿ ಅವಳ ಸಕ್ಕರೆ ಹದಕ್ಕೆ ಬಂತು. ಅವಳನ್ನು ತೋರಿಸಿ ಬೇರೆಯವರಿಗೆ ಬೈಯುವುದು ನನ್ನ ರೂಢಿಯಾಯಿತು.

ಅದಾದ ಮೂರನೆಯ ಶ್ರಾವಣ. ಒಂದು ಶುಕ್ರವಾರ ರೇಣವ್ವ ಒಬ್ಬಳೇ ಅತ್ತೆಯ ಕಾರ್ಡು ಹಿಡಿದು ಬಂದಳು. ಸಂತೆಯಂತೆ ಪಾಳಿ. ಗುಳಿಗೆ ಇಸಿದುಕೊಂಡ ಮೇಲೂ ಸರಿಯಲಿಲ್ಲ.

"ಸಾಹೇಬ್ರ, ಅತ್ತಿ ಎರಡ ದಿನದಿಂದ ಒಂಥರಾ ಮಾಡಾಕತ್ಯಾರ್ರಿ."

"ಒಂಥರಾ ಅಂದ್ರ?"

"ಮುಂಜಾನಿ ಹೊತ್ತಿನ್ಯಾಗ ಭಾಳ ಬೆವರ್ತಾರ್ರಿ. ಏನೇನರ ಮಾತಾಡ್ತಾರ. ಸಿಟ್ಟಿಗೇಳ್ತಾರ. ಬೆಲ್ಲ ಕೊಡು, ಬೆಲ್ಲ ಕೊಡು ಅಂತ ಗಂಟ ಬಿದ್ದಾರ. ನಮ್ಮವರು ಅರಳುಮರಳು ಅಂತಾರ್ರಿ."

ಈ ಮಾತನ್ನು ನಾನು ಹಗಲು ರಾತ್ರಿ ನೆನೆದಿದ್ದೇನೆ. ಅವಳು ಒಂದೂ ಬಿಡದೆ ಹೇಳಿದ್ದಳು. ಯಾವ ಪುಸ್ತಕವೂ ಸಕ್ಕರೆ ಇಳಿದ ಲಕ್ಷಣವನ್ನು ಅದಕ್ಕಿಂತ ಚಲೋ ಬರೆದಿಲ್ಲ. ನಾನು ಏನಂದೆ? "ಎಲ್ಲಾ ಬೆಲ್ಲದ ಸಲುವಾಗಿ ಸೋಗು ಅದು. ಆಣಿ ಮಾಡಿದ್ದ ಮರತೀ ಏನು? ಗುಳಿಗಿ ತಪ್ಪಸಬ್ಯಾಡ, ನಡಿ, ಹಿಂದ ಮಂದಿ ನಿಂತೈತಿ." ಅವಳು ನಡೆದಳು.

ಸೋಮವಾರ ಮಧ್ಯಾಹ್ನ ಟಂಟಂ ರಿಕ್ಷಾದಲ್ಲಿ ಬಸಲಿಂಗವ್ವನನ್ನು ಹೊತ್ತು ತಂದರು. ಬಾಯಿ ಒಂದು ಕಡೆ ವಾಲಿತ್ತು, ಒಂದು ಕೈ ಆಡುತ್ತಿರಲಿಲ್ಲ, ಕರೆದರೆ ಕಣ್ಣು ತೆರೆಯಲಿಲ್ಲ. ಸೀರೆಯೆಲ್ಲ ಒದ್ದೆಯಾಗಿತ್ತು. ಹೊರಗೆ ಜಿಟಿಜಿಟಿ ಮಳೆ, ನೆನೆದಿರಬೇಕು ಎಂದುಕೊಂಡೆ. ಡಾಕ್ಟರು ಹೊಸಬರು, ಚಲೋ ಹುಡುಗ. ನೋಡಿದವರೇ ಲಕ್ವಾ ಎಂದರು. ಯಾರು ನೋಡಿದರೂ ಹಾಗೇ ಅನ್ನುತ್ತಿದ್ದರು. ರಕ್ತದ ಸಕ್ಕರೆ ನೋಡುವ ಪಟ್ಟಿ ಮುಗಿದು ವಾರವಾಗಿತ್ತು, ಬೇಕೆಂದು ಬರೆದು ಕಳಿಸಿದ್ದೆವು, ಬಂದಿರಲಿಲ್ಲ. ಲಗೂ ಗದಗಕ್ಕೆ ಒಯ್ಯಿರಿ ಎಂದು ಚೀಟಿ ಕೊಟ್ಟರು. ಅಂಬುಲೆನ್ಸ್ ಬರುವವರೆಗೆ ಮುಕ್ಕಾಲು ತಾಸು ಅವಳು ನನ್ನ ಕಿಟಕಿಯ ಎದುರಿನ ಬೆಂಚಿನ ಮೇಲೆಯೇ ಮಲಗಿದ್ದಳು. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ನರಕ್ಕೆ ಕೊಡುವ ಗ್ಲೂಕೋಸ್ ಇತ್ತು. ಅನುಮಾನ ಬಂದಿದ್ದರೆ ಪರೀಕ್ಷೆ ಇಲ್ಲದೆಯೂ ಕೊಡಬಹುದಿತ್ತು. ಅನುಮಾನ ಬರಬೇಕಾದವನು ನಾನು, ಏಕೆಂದರೆ ಶುಕ್ರವಾರ ಕೇಳಿಸಿಕೊಂಡವನು ನಾನೊಬ್ಬನೇ.

ಗದಗದಲ್ಲಿ ಸಕ್ಕರೆ ನೋಡಿದರು, ಏರಿಸಿದರು. ಆದರೆ ಅಷ್ಟು ಹೊತ್ತು ಸಕ್ಕರೆಯಿಲ್ಲದೆ ಬಿದ್ದ ಮಿದುಳು ಮತ್ತೆ ಏಳಲಿಲ್ಲ. ಕೆಲವು ದಿನಕ್ಕೆ ಮನೆಗೆ ಕರೆತಂದರು, ಮನೆಯಲ್ಲೇ ಹೋದಳು.

ಮನೆಯವರನ್ನು ಮಾತಾಡಿಸಿ ಬರಲು ಸವಡಿಗೆ ಹೋದೆ. ನಮ್ಮ ಕಡೆ ಸತ್ತವರ ಗುಳಿಗೆ ಉಳಿದಿದ್ದರೆ ಚೆಲ್ಲುವುದಿಲ್ಲ, ಬಡವರಿಗಾದರೂ ಬರಲಿ ಎಂದು ಕಂಪೌಂಡರಿಗೆ ತಿರುಗಿ ಕೊಡುತ್ತಾರೆ. ಮಗ ಈರಪ್ಪ ತಾಯಿಯ ಎಲೆ ಅಡಿಕೆ ಸಂಚಿಯನ್ನೇ ತಂದು ನನ್ನ ಕೈಗಿಟ್ಟ. ಬಿಚ್ಚಿದೆ. ನಾನು ಕೊಟ್ಟ ಸಕ್ಕರೆ ಗುಳಿಗೆ ಇತ್ತು, ಬಿಪಿ ಗುಳಿಗೆ ಇತ್ತು. ಅವುಗಳ ನಡುವೆ ನಾನು ಕೊಡದ ಒಂದು ಪಟ್ಟಿ, ಸಲ್ಫಾ ಗುಳಿಗೆ.

"ಇದ ಎಲ್ಲೀದವಾ?"

ರೇಣವ್ವ ಮೆಲ್ಲಗೆ ಹೇಳಿದಳು. "ಉರಿಮೂತ್ರ ಆಗಿತ್ರಿ ಅತ್ತಿಗೆ. ತಂಗಿ ಊರು ಗಜೇಂದ್ರಗಡಕ್ಕ ಹೋದಾಗ ಅಲ್ಲೆ ತೋರಿಸ್ಯಾರ್ರಿ. ಬ್ಯಾರೆ ಗುಳಿಗಿ ನುಂಗ್ತೀರೇನ ಅಂತ ಡಾಕ್ಟರು ಕೇಳಿದ್ರಂತ. ಇಲ್ಲ ಅಂದಾರ್ರಿ."

"ಯಾಕ ಇಲ್ಲ ಅಂದ್ಳು?"

"ಹೌದು ಅಂದ್ರ ಅವರೂ ಬೈತಾರ ಅಂತ್ರಿ. ನಿಮಗ ಹೇಳಬ್ಯಾಡ ಅಂತ ನನಗೂ ಹೇಳಿದ್ರರೀ. ಗಂಡಸರ ಮುಂದ ಅಂಥಾದ್ದ ಹ್ಯಾಂಗ ಹೇಳೂದು, ಅದರಾಗ ಆ ಸಾಹೇಬ ಪಾಳ್ಯಾಗ ಎಲ್ಲಾರ ಮುಂದ ಒದರ್ತಾನ, ಅಂದ್ರರೀ."

ಹೊಸಬರಿಗಾಗಿ ಇಲ್ಲೊಂದು ವಿವರ ಬರೆಯುತ್ತೇನೆ, ಪರೀಕ್ಷೆಗೆ ಓದಿ ಮರೆತಿರುತ್ತೀರಿ. ನಾವು ಕೊಡುತ್ತಿದ್ದ ಹಳೆಯ ಸಕ್ಕರೆ ಗುಳಿಗೆಯ ಜೊತೆ ಸಲ್ಫಾ ಸೇರಿದರೆ ಅದರ ಬಲ ಹೆಚ್ಚುತ್ತದೆ. ವಯಸ್ಸಾಗಿ ಕಿಡ್ನಿ ಸೋತಿದ್ದರೆ ಎರಡೂ ಮೈಯಲ್ಲೇ ಉಳಿಯುತ್ತವೆ. ಸಕ್ಕರೆ ಇಳಿದಾಗ ಎದೆ ಡವಗುಟ್ಟಿ, ಕೈ ನಡುಗಿ ಮೈ ತಾನಾಗಿ ಎಚ್ಚರಿಸುತ್ತದೆ. ಅವಳ ಬಿಪಿ ಗುಳಿಗೆ ಆ ಎಚ್ಚರಿಕೆಯನ್ನೂ ಅಡಗಿಸುವಂಥದ್ದು, ಬೆವರೊಂದನ್ನು ಬಿಟ್ಟು. ಅದರ ಮೇಲೆ ಶ್ರಾವಣ ಸೋಮವಾರದ ಉಪವಾಸ. ಊಟ ಬಿಟ್ಟಳು, ಗುಳಿಗೆ ಬಿಡಲಿಲ್ಲ. ಒಂದು ದಿನವೂ ತಪ್ಪಿಸಬೇಡ ಎಂದವನು ನಾನಲ್ಲವೇ?

ಏಳಲು ಹೊರಟಾಗ ರೇಣವ್ವ ಚಹಾದ ಬಸಿ ಮುಂದಿಟ್ಟು ಕಣ್ಣೊರೆಸಿಕೊಂಡಳು. "ಅವತ್ತ ಮುಂಜಾನಿ ನನ್ನ ಸೆರಗ ಹಿಡದ್ರು ಸಾಹೇಬ್ರ. ಒಂಚೂರ ಬೆಲ್ಲ ಕೊಡಬೇ, ಜೀವ ಹೋಗಾಕತ್ತೈತಿ ಅಂದ್ರು. ನಾ ಕೊಡಲಿಲ್ರಿ. ಕಡೀತನಾ ನಿಮ್ಮ ಮಾತ ಉಳಿಸೀನ್ರಿ."

ಅವಳು ಅದನ್ನು ದೂರಾಗಿ ಹೇಳಲಿಲ್ಲ. ತಾನು ಅತ್ತೆಯ ಆರೈಕೆಯಲ್ಲಿ ಕುಂದು ಮಾಡಲಿಲ್ಲ ಎಂಬ ಸಮಾಧಾನಕ್ಕೆ ಹೇಳಿದಳು. ನಾನು ಚಹಾ ಕುಡಿದೆ. "ಚಲೋ ನೋಡ್ಕೊಂಡಿ ತಂಗಿ" ಎಂದೆ. ಬಸ್ಸು ಹತ್ತಿ ಬಂದೆ. ಸತ್ಯ ಹೇಳಿದರೆ ಆ ಹೆಣ್ಣುಮಗಳು ಬದುಕುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಅಂದರೆ ನನಗೇ ಹೆದರಿಕೆ.

ಹಿರಿಯ ಡಾಕ್ಟರೊಬ್ಬರ ಮುಂದೆ ಮಾತ್ರ ಸಲ್ಫಾ ಪಟ್ಟಿ ಇಟ್ಟು ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ನಾನು ಕಂಡ ಮೇಲಿನವರಲ್ಲಿ ಒಳ್ಳೆಯವರು. ಬಹಳ ಹೊತ್ತು ಪಟ್ಟಿ ತಿರುವಿ ನೋಡಿದರು. "ಕಾಗದದಾಗ ಲಕ್ವಾ ಅಂತ ಹೋಗೇತಿ. ಈಗ ಕೆದರಿದ್ರ ಆಕಿ ಎದ್ದ ಬರ್ತಾಳೇನು? ಮುಂದ ಹುಷಾರಿರು ಅಷ್ಟ" ಎಂದರು. ಇಂಥ ಎಷ್ಟು ಜನ ಲಕ್ವಾ ಎಂಬ ಹೆಸರಿನಲ್ಲಿ ಹೋಗಿರಬಹುದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹುಷಾರಾಗಿ ಇದ್ದೂ ನೋಡಿದೆ. ಅಲ್ಲಿಂದ ಮುಂದೆ ವಯಸ್ಸಾದವರು ಯಾರೇ ಬರಲಿ, "ಸಂಚಿ ಸುರೀರಿ" ಎನ್ನುತ್ತಿದ್ದೆ. ಮನೆಯಲ್ಲಿರುವ ಗುಳಿಗೆಯೆಲ್ಲ ತಂದು ಕಟ್ಟೆಯ ಮೇಲೆ ಸುರಿಯಬೇಕು, ಯಾರು ಕೊಟ್ಟದ್ದು ಹೇಳಬೇಕು, ನಾನು ಬೈಯುವುದಿಲ್ಲ. ಕೆಲವು ತಿಂಗಳು ಚಲೋ ನಡೆಯಿತು. ಒಂದು ದಿನ ಇಬ್ಬರು ಮುದುಕಿಯರು ಹೊರಗೆ ಮಾತಾಡುವುದು ಕೇಳಿಸಿತು. "ಎಲ್ಲಾ ತರಬ್ಯಾಡ ಬೇ, ಆ ಸಾಹೇಬಗ ತೋರ್ಸೂವು ಅಷ್ಟ ತಾ. ಉಳದಾವು ಮನ್ಯಾಗಿರ್ಲಿ." ಅಷ್ಟು ವರ್ಷ ಬೈದ ಬಾಯಿ ಈಗ ನಕ್ಕರೆ ಯಾರು ನಂಬುತ್ತಾರೆ? ನಂಬಿದವರಿಗೂ ಒಬ್ಬೊಬ್ಬರಿಗೆ ಹತ್ತು ನಿಮಿಷ ಬೇಕು, ಪಾಳಿಗೆ ಅಷ್ಟು ತಾಳ್ಮೆ ಇಲ್ಲ. ಈಗ ಕಂಪ್ಯೂಟರು ಬಂದಿದೆ, ಟೋಕನ್ ಬಂದಿದೆ, ಅವುಗಳಿಗೂ ನಾವು ಕೊಟ್ಟದ್ದಷ್ಟೇ ಗೊತ್ತು. ಹೊಸ ಸಕ್ಕರೆ ಗುಳಿಗೆಗಳು ಬಂದಿವೆ, ಅವುಗಳಲ್ಲಿ ಕೆಲವು ಹಿಂದಿನವುಗಳ ಹಾಗೆ ಸಕ್ಕರೆಯನ್ನು ತೀರ ಇಳಿಸುವುದಿಲ್ಲ. ಹಳೆಯವೂ ಹೋಗಿಲ್ಲ, ಜನರ ಹೆದರಿಕೆಯೂ ಹೋಗಿಲ್ಲ.

ನಾನು ನಿವೃತ್ತನಾಗುವ ಮೊದಲಿನ ಬೇಸಿಗೆಯಲ್ಲಿ ರೇಣವ್ವ ಮತ್ತೆ ಕಿಟಕಿಗೆ ಬಂದಳು. ಕೈಯಲ್ಲಿ ಹೊಸ ಕಾರ್ಡು, ಅದರ ಮೇಲೆ ಈರಪ್ಪನ ಹೆಸರು.

"ಇವ್ರಿಗೂ ಬಂತರೀ ಸಾಹೇಬ್ರ, ಸಕ್ರಿ ಬ್ಯಾನಿ. ಬೆಲ್ಲಕ್ಕ ಆಗಲೇ ಕೀಲಿ ಹಾಕೇನ್ರಿ. ಅತ್ತಿಗೆ ಮಾಡಿದಂಗ ಇವ್ರಿಗೂ ಮಾಡ್ತೀನ್ರಿ, ನೀವೇನ ಕಾಳಜಿ ಮಾಡಬ್ಯಾಡ್ರಿ."

ನನ್ನ ಕೈಯಲ್ಲಿದ್ದ ಗುಳಿಗೆ ಅವನ ತಾಯಿಗೆ ಕೊಡುತ್ತಿದ್ದ ಜಾತಿಯದೇ. ಸುಮ್ಮನಿದ್ದರೆ ನಾನು ಉಳಿಯುತ್ತೇನೆ, ಅವಳ ನೆಮ್ಮದಿಯೂ ಉಳಿಯುತ್ತದೆ, ಈರಪ್ಪ ಉಳಿಯುತ್ತಾನೋ ಇಲ್ಲವೋ ಗೊತ್ತಿಲ್ಲ. ಕಿಟಕಿ ಬಿಟ್ಟು ಹೊರಗೆ ಬಂದೆ. ಅವಳನ್ನು ಬೆಂಚಿನ ಮೇಲೆ ಕೂರಿಸಿದೆ.

"ಕೀಲಿ ತಗಿ ತಂಗಿ. ದಿನಾ ಕೊಡಬ್ಯಾಡ, ಆದ್ರ ಕೈಗೆ ಸಿಗೂ ಹಂಗ ಇಡು. ಬೆವತ್ರ, ಕಣ್ಣ ಕತ್ಲಿ ಬಂದ್ರ, ಒಂಥರಾ ಮಾತಾಡಿದ್ರ ಲಗೂನ ಬೆಲ್ಲ ಬಾಯಾಗ ಹಾಕು. ಆಮ್ಯಾಲ ದವಾಖಾನಿಗೆ ಕರ್ಕೊಂಡ ಬಾ. ನನ್ನ ಕೇಳಾಕ ಕುಂದ್ರಬ್ಯಾಡ."

"ಬ್ಯಾಸಗ್ಯಾಗ ಎಲ್ಲಾರೂ ಬೆವರ್ತಾರಲ್ರಿ. ಹ್ಯಾಂಗ ತಿಳೀಬೇಕ್ರಿ?"

"ತಿಳೀದಿದ್ರೂ ಕೊಡು. ಸುಮ್ನ ಕೊಟ್ರ ಒಂದ ದಿನ ಸಕ್ರಿ ಏರ್ತೈತಿ, ಇಳಸಾಕ ಬರ್ತೈತಿ. ಕೊಡದ ಹೋದ್ರ..."

ಮುಂದೆ ಹೇಳುವುದು ಉಳಿದಿರಲಿಲ್ಲ. ಅವಳ ಮುಖ ನಿಧಾನವಾಗಿ ಬಿಳುಪೇರಿತು.

"ಎಷ್ಟ ಕೊಡಬೇಕ್ರಿ ಬೆಲ್ಲ?"

"ಸಣ್ಣ ಲಿಂಬಿಕಾಯಷ್ಟ."

ಅವಳು ಬೆರಳು ಮಡಚಿ ಅಳತೆ ಮಾಡಿ ತೋರಿಸಿದಳು. "ಇಷ್ಟ?"

"ಅಷ್ಟ."

"ಅತ್ತಿಗೂ ಇಷ್ಟ ಸಾಕಾಗಿತ್ತೇನ್ರಿ?"

ಒಳಗೆ ಜನ ಕಿಟಕಿ ಬಡಿಯುತ್ತಿದ್ದರು. ಮತ್ತೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಸಾಕಾಗಿತ್ತವಾ" ಎಂದೆ.

ರೇಣವ್ವ ಗಂಡನ ಗುಳಿಗೆ ಸೆರಗಿನಲ್ಲಿ ಗಂಟು ಹಾಕಿಕೊಂಡು ಎದ್ದು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೆರಳು ಇನ್ನೂ ಹಾಗೇ ಮಡಚಿದ್ದವು.